ಒಂದು ದೇವರನಾಮ, ಹಲವು ಕಂಠ

ತರಗತಿಯಲ್ಲಿ ಒಂದೇ ಪದ್ಯವನ್ನು ಇಬ್ಬರು ವಿದ್ಯಾರ್ಥಿಗಳಿಂದ ಓದಿಸಿದರೆ ಅದು ಎರಡು ಪದ್ಯಗಳಂತೆ ಕೇಳುತ್ತದೆ. ಒಬ್ಬನು ಪಾದದ ಕೊನೆಯಲ್ಲಿ ನಿಲ್ಲುತ್ತಾನೆ, ಇನ್ನೊಬ್ಬನು ಅರ್ಥ ಮುಗಿದಲ್ಲಿ ನಿಲ್ಲುತ್ತಾನೆ. ಮಾತು ಒಂದೇ, ಅಕ್ಷರ ಒಂದೇ. ಆದರೆ ಎರಡನೆಯವನು ಓದಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳುತ್ತಾರೆ. ಓದುವಿಕೆಯಲ್ಲಿಯೇ ಇಷ್ಟು ವ್ಯತ್ಯಾಸವಿರುವಾಗ ಹಾಡುವಿಕೆಯಲ್ಲಿ ಎಷ್ಟಿರಬೇಡ! ಈ ಲೇಖನದಲ್ಲಿ ನಾವೆಲ್ಲರೂ ಬಲ್ಲ ಒಂದೆರಡು ದೇವರನಾಮಗಳನ್ನು ತೆಗೆದುಕೊಂಡು, ಬೇರೆ ಬೇರೆ ಗಾಯಕರು ಅವುಗಳನ್ನು ಹಾಡಿ ಮುದ್ರಿಸಿರುವ ರೀತಿಯನ್ನು ಹೋಲಿಸಿ ನೋಡೋಣ. ಇದು ಸಂಗೀತ ವಿದ್ವಾಂಸರಿಗಾಗಿ ಬರೆದುದಲ್ಲ. ನಾನೂ ಸಂಗೀತ ವಿದ್ವಾಂಸನಲ್ಲ, ಕನ್ನಡ ಪಾಠ ಹೇಳುವವನು. ಆದುದರಿಂದ ರಾಗದ ಕಡೆಗಿಂತ ಮಾತಿನ ಕಡೆಗೆ ನನ್ನ ಕಿವಿ ಹೆಚ್ಚು ವಾಲುವುದು ಸಹಜ.

ಮೊದಲು ಒಂದು ಹಿನ್ನೆಲೆಯ ಮಾತು. ಪುರಂದರದಾಸರ ಕಾಲ 1484ರಿಂದ 1564 ಎಂದು ಸಂಪ್ರದಾಯ ಹೇಳುತ್ತದೆ. ಅವರ ಪದಗಳು ಓಲೆಗರಿಗಳಲ್ಲಿ, ಕೈಬರಹದ ಪುಸ್ತಕಗಳಲ್ಲಿ ಉಳಿದು ಬಂದವು. ಉಳಿದದ್ದು ಸಾಹಿತ್ಯ, ಧಾಟಿ ಉಳಿದದ್ದು ಬಾಯಿಂದ ಬಾಯಿಗೆ. ಪದದ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರನ್ನು ಬರೆದಿಡುವ ವಾಡಿಕೆಯಿದ್ದರೂ ಒಂದು ಪ್ರತಿಯಲ್ಲಿ ಕಂಡ ರಾಗ ಇನ್ನೊಂದು ಪ್ರತಿಯಲ್ಲಿ ಕಾಣದು. ದಾಸರು ಸ್ವತಃ ಹೇಗೆ ಹಾಡಿದರೆಂಬುದಕ್ಕೆ ಸ್ವರ ಬರೆದಿಟ್ಟ ಸಾಕ್ಷಿಯಿಲ್ಲ. ಹೀಗಾಗಿ ಇಂದು ನಾವು ಕೇಳುವ ಒಂದೊಂದು ದೇವರನಾಮದ ಹಿಂದೆಯೂ ಧಾಟಿ ಕೂಡಿಸಿದ ಒಬ್ಬ ಗುರುವೋ, ಒಂದು ಮನೆತನವೋ, ಒಂದು ಭಜನಾ ಮಂಡಳಿಯೋ ಇದೆ. ದಾಸರು ಮಾತು ಕೊಟ್ಟರು, ಉಸಿರು ಕೊಟ್ಟವರು ಆಮೇಲಿನವರು ಎನ್ನಬಹುದು.

ದಾಸರ ಪದಗಳನ್ನು ಅಚ್ಚಿನ ಮೊಳೆಗೆ ತಂದವರಲ್ಲಿ ಮೊದಲಿಗನೆಂದರೆ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1850ರಲ್ಲಿ ಆತ ದಾಸರ ಪದಗಳ ಸಂಗ್ರಹವೊಂದನ್ನು ಮುದ್ರಿಸಿದನು. ಜರ್ಮನಿಯ ಚರ್ಚಿನ ಹಾಡುಗಳ ನಡುವೆ ಬೆಳೆದ ಮನುಷ್ಯ ನಮ್ಮ ದಾಸರ ಪದಗಳನ್ನು ಅಚ್ಚು ಹಾಕಿಸಿದನೆಂಬುದು ಸ್ವಾರಸ್ಯದ ಸಂಗತಿ. ಆ ಜರ್ಮನ್ ಹಾಡುಗಳ ವಿಚಾರಕ್ಕೆ ಮುಂದೆ ಬರೋಣ.

ಅಚ್ಚಿನ ಪುಸ್ತಕ ಮಾತನ್ನು ಹಿಡಿದಿಟ್ಟಿತು. ಧಾಟಿಯನ್ನು ಹಿಡಿದಿಟ್ಟದ್ದು ಗ್ರಾಮಫೋನ್. ಭಾರತದಲ್ಲಿ ಮೊದಲ ಧ್ವನಿಮುದ್ರಣಗಳು ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದವರಲ್ಲಿ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ಮೂರೂವರೆ ನಿಮಿಷದ ಹಾಡು ಹಿಡಿಯುತ್ತಿತ್ತು. ಈ ಮೂರು ನಿಮಿಷದ ಲೆಕ್ಕವನ್ನು ನೆನಪಿನಲ್ಲಿಡಿ. ಹಳೆಯ ಮುದ್ರಣಗಳನ್ನು ಕೇಳಿ "ಇವರೇಕೆ ಇಷ್ಟು ಅವಸರಪಡುತ್ತಾರೆ?" ಎನ್ನುವವರಿಗೆ ಅರ್ಧ ಉತ್ತರ ಅದರಲ್ಲಿಯೇ ಇದೆ.

ಈಗ ಹಾಡಿಗೆ ಬರೋಣ. 'ಜಗದೋದ್ಧಾರನ' ಎಂಬ ಪುರಂದರದಾಸರ ದೇವರನಾಮವನ್ನು ಕೇಳದ ಕನ್ನಡಿಗನಿಲ್ಲ. ಕೇಳದ ತೆಲುಗರೂ ತಮಿಳರೂ ಕಡಿಮೆಯೇ. ಹಾಡುವ ಮುಂಚೆ ಅದರ ವ್ಯಾಕರಣವನ್ನು ನೋಡೋಣ. ವ್ಯಾಕರಣವೆಂದ ಕೂಡಲೇ ಪುಟ ತಿರುಗಿಸಬೇಡಿ, ಈ ಹಾಡಿನ ಗುಟ್ಟೆಲ್ಲ ಅಲ್ಲಿಯೇ ಇದೆ.

ಜಗತ್ + ಉದ್ಧಾರ ಎಂದು ಸಂಸ್ಕೃತದಂತೆ ಸಂಧಿ ಮಾಡಿದರೆ ಜಗದುದ್ಧಾರ ಎಂದಾಗುತ್ತದೆ. ಒಂಬತ್ತನೆಯ ತರಗತಿಯವರು ಇದನ್ನು ಜಶ್ತ್ವಸಂಧಿಯೆಂದು ಗುರುತಿಸಬಲ್ಲರು. ಹಾಡಿನಲ್ಲಿರುವುದು ಜಗದೋದ್ಧಾರ. ಕನ್ನಡದ 'ಜಗದ' ಎಂಬ ರೂಪಕ್ಕೆ 'ಉದ್ಧಾರ' ಸೇರಿ ಗುಣಸಂಧಿಯಾದಂತೆ ಇದೆ. ಇದನ್ನು ತಪ್ಪೆನ್ನುವ ಪಂಡಿತರಿದ್ದಾರೆ. ನನಗೆ ಹಾಗೆನ್ನಿಸದು. 'ದು' ಎಂಬ ಹ್ರಸ್ವದ ಮೇಲೆ ಗಾಯಕನು ನಿಲ್ಲುವಂತಿಲ್ಲ. 'ದೋ' ಎಂಬ ದೀರ್ಘದ ಮೇಲೆ ಬೇಕಾದಷ್ಟು ಹೊತ್ತು ನಿಂತು ಸ್ವರವನ್ನು ತೂಗಬಹುದು. ಹಾಡುವ ಬಾಯಿಗೆ ಬೇಕಾದ ಜಾಗವನ್ನು ಮಾತೇ ಮಾಡಿಕೊಟ್ಟಿದೆ.

ಇನ್ನು ವಿಭಕ್ತಿ. 'ಉದ್ಧಾರನ' ಎಂಬುದು ಇಲ್ಲಿ ಷಷ್ಠಿಯಲ್ಲ, ದ್ವಿತೀಯಾ, 'ಉದ್ಧಾರನನ್ನು' ಎಂದರ್ಥ. ನಮ್ಮ ಊರಿನ ಆಡುಮಾತಿನಲ್ಲಿ "ಹುಡುಗನ ಕರಿ", "ಮಗನ ಎತ್ಕೋ" ಎನ್ನುತ್ತೇವಲ್ಲ, ಅದೇ ರೂಪ. ಹಾಗಾದರೆ ಈ ಪದ ಕ್ರಿಯಾಪದಕ್ಕಾಗಿ ಕಾದಿದೆ. ಜಗತ್ತನ್ನು ಉದ್ಧರಿಸುವವನನ್ನು... ಏನು ಮಾಡಿದರು? ಪೂಜಿಸಿದರೆ? ಸ್ತುತಿಸಿದರೆ? ಇಲ್ಲ, 'ಆಡಿಸಿದಳು'. ಯಾರು? ಯಶೋದೆ. ಆಡು ಎಂಬ ಧಾತುವಿಗೆ 'ಇಸು' ಪ್ರತ್ಯಯ ಹತ್ತಿ ಪ್ರೇರಣಾರ್ಥಕವಾಗಿದೆ. ಲೋಕವನ್ನೆಲ್ಲ ಆಡಿಸುವವನು ಈ ವಾಕ್ಯದಲ್ಲಿ ಕರ್ಮಪದ. ಗೊಲ್ಲರ ಮನೆಯ ಹೆಂಗಸು ಕರ್ತೃಪದ. ದಾಸರು ತತ್ತ್ವವನ್ನು ಬಿಡಿಸಿ ಹೇಳಲಿಲ್ಲ, ವಿಭಕ್ತಿಯಲ್ಲಿ ಇಟ್ಟರು.

ಚರಣಗಳೂ ಇದೇ ಕಟ್ಟಡದವು. ವೇದಗಳ ಕೈಗೆ ಸಿಗದವನು, ಅಣುವಿಗಿಂತ ಸಣ್ಣವನು, ದೊಡ್ಡದಕ್ಕಿಂತ ದೊಡ್ಡವನು ಎಂದು ಉಪನಿಷತ್ತಿನ ಗಾತ್ರದ ವಿಶೇಷಣಗಳು ಒಂದರ ಹಿಂದೊಂದು ಬರುತ್ತವೆ. ಎಲ್ಲಕ್ಕೂ ಅದೇ ದ್ವಿತೀಯಾ ವಿಭಕ್ತಿ, ಎಲ್ಲವೂ ಕ್ರಿಯಾಪದಕ್ಕಾಗಿ ಕಾಯುತ್ತವೆ. ಕೊನೆಗೆ ಬರುವುದು ಅದೇ ಚಿಕ್ಕ, ಮನೆಬಳಕೆಯ ಮಾತು, ಆಡಿಸಿದಳು. ಬಂಡೆಯ ಮೇಲೆ ಬಂಡೆ ಪೇರಿಸಿ ತುದಿಯಲ್ಲಿ ಒಂದು ಮಲ್ಲಿಗೆ ಇಟ್ಟ ಹಾಗೆ.

ಆದುದರಿಂದ ಈ ಹಾಡನ್ನು ಹಾಡುವ ಪ್ರತಿಯೊಬ್ಬರ ಮುಂದೆಯೂ ಒಂದು ಪ್ರಶ್ನೆ ನಿಂತಿದೆ. ಭಾರವನ್ನು ಎಲ್ಲಿ ಇಡಬೇಕು? ಆ ದೊಡ್ಡ ದೊಡ್ಡ ವಿಶೇಷಣಗಳ ಮೇಲೋ, ಈ ಸಣ್ಣ ಕ್ರಿಯಾಪದದ ಮೇಲೋ? ವಿಶೇಷಣಗಳ ಮೇಲಿಟ್ಟರೆ ಇದು ಸ್ತೋತ್ರವಾಗುತ್ತದೆ. ಕ್ರಿಯಾಪದದ ಮೇಲಿಟ್ಟರೆ ಜೋಗುಳವಾಗುತ್ತದೆ. ಮುದ್ರಣಗಳನ್ನು ಹೋಲಿಸುವಾಗ ನಾನು ಮೊದಲು ಕೇಳಿಸಿಕೊಳ್ಳುವುದು ಇದನ್ನೇ.

ಈ ಹಾಡನ್ನು ದಕ್ಷಿಣದ ಮನೆಮನೆಗೆ ಮುಟ್ಟಿಸಿದ್ದು ಬಿ. ಎಸ್. ರಾಜಯ್ಯಂಗಾರ್ ಅವರ ಗ್ರಾಮಫೋನ್ ತಟ್ಟೆ. ಧ್ವನಿವರ್ಧಕವಿಲ್ಲದೆ ಸಭೆಯ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡಿ ಪಳಗಿದ ತಲೆಮಾರಿನ ಬಿಚ್ಚುಕಂಠ ಅದು. ಮೂರು ನಿಮಿಷ ಚಿಲ್ಲರೆಯೊಳಗೆ ಪಲ್ಲವಿಯಿಂದ ಅಂಕಿತದವರೆಗೆ ಮುಟ್ಟಬೇಕು. ನಡುವೆ ತನ್ನ ಕಸುಬನ್ನೂ ತೋರಿಸಬೇಕು. ಹೀಗಾಗಿ ಅಲ್ಲಿ ಸಂಗತಿಗಳು ಚುರುಕು, ಉಸಿರಿಗೆ ಪುರಸೊತ್ತು ಕಡಿಮೆ. ವಿಶೇಷಣಗಳು ಹೊಳೆಯುತ್ತವೆ, ಕ್ರಿಯಾಪದ ಅವುಗಳ ಹಿಂದೆ ಓಡಿ ಬಂದು ಸೇರಿಕೊಳ್ಳುತ್ತದೆ. ನನ್ನ ಕಿವಿಗೆ ಅದು ಸ್ತೋತ್ರದ ಕಡೆಗೆ ವಾಲಿದ ಹಾಡುಗಾರಿಕೆ. ಸೂಜಿಯ ಕರಕರ ಸದ್ದಿನ ನಡುವೆಯೂ ಕನ್ನಡ ಅಚ್ಚುಕಟ್ಟಾಗಿದೆ. 'ಉದ್ಧಾರ'ದ ಒತ್ತಿನ ಧಕಾರ ಎಲ್ಲಿಯೂ ಜಾರುವುದಿಲ್ಲ.

ಎಂ. ಎಸ್. ಸುಬ್ಬುಲಕ್ಷ್ಮಿಯವರ (1916–2004) ಮುದ್ರಣಕ್ಕೆ ಬಂದರೆ ಗಾಳಿಯೇ ಬೇರೆ. ರಾಗ ಅದೇ ಕಾಪಿ. ಆದರೆ ಅವಸರವಿಲ್ಲ. 'ದೋ' ಎಂಬಲ್ಲಿ ಸ್ವರ ತೊಟ್ಟಿಲಿನ ಹಾಗೆ ಹೋಗಿ ಬರುತ್ತದೆ, ಆಮೇಲೆ ಕ್ರಿಯಾಪದ ಮೆಲ್ಲನೆ ಇಳಿಯುತ್ತದೆ. ಅದನ್ನು ಮತ್ತೆ ಮತ್ತೆ, ಪ್ರತಿಸಾರಿ ಸ್ವಲ್ಪ ಬೇರೆಯಾಗಿ ಇಳಿಸುತ್ತಾರೆ. ಮಗುವನ್ನು ಎತ್ತಿ ಆಡಿಸುವ ತಾಯಿ ಒಂದೇ ಆಟವನ್ನು ಹತ್ತು ಸಲ ಆಡಿಸುವುದಿಲ್ಲವೆ, ಹಾಗೆ. ಇಲ್ಲಿ ಭಾರವೆಲ್ಲ ಆಡಿಸಿದಳು ಎಂಬಲ್ಲಿದೆ. ವೇದಕ್ಕೆ ಸಿಗದವನೆಂಬ ಚರಣವನ್ನು ಕೂಡ ಅವರು ಗಟ್ಟಿಯಾಗಿ ಘೋಷಿಸುವುದಿಲ್ಲ. ತೊಡೆಯ ಮೇಲಿನ ಮಗುವಿಗೆ ಹೇಳುವ ಹಾಗೆ ಹೇಳುತ್ತಾರೆ. ಮನೆಮಾತು ತಮಿಳಾದ ಗಾಯಕಿ ಈ ಕನ್ನಡ ವಾಕ್ಯದ ಕರ್ತೃಪದ ಯಾವುದೆಂದು ಅರಿತು ಹಾಡಿರುವುದು ಕನ್ನಡ ಮೇಷ್ಟರಾದವರಿಗೆ ಹೆಚ್ಚಿನ ಸಂತೋಷ ಕೊಡುವ ವಿಷಯ.

ಈ ಎರಡರಲ್ಲಿ ಯಾವುದು ಮೇಲು ಎಂದು ನಮ್ಮ ಹುಡುಗರು ಕೂಡಲೇ ಕೇಳುತ್ತಾರೆ, ಕ್ರಿಕೆಟ್ಟಿನ ಹಾಗೆ. ನನ್ನ ಮನಸ್ಸು ಎರಡನೆಯದರ ಕಡೆಗಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೊದಲನೆಯದನ್ನು ಕೇಳದೆ ಎರಡನೆಯದರ ನಿಧಾನ ಎಷ್ಟು ದೊಡ್ಡ ಆಯ್ಕೆಯೆಂಬುದು ತಿಳಿಯದು. ದಾರಿ ಎರಡಿವೆಯೆಂದು ಗೊತ್ತಿದ್ದವನಿಗೆ ಮಾತ್ರ ಒಂದನ್ನು ಹಿಡಿದವರ ಜಾಣತನ ಕಾಣಿಸುತ್ತದೆ.

ಕಾಪಿ ರಾಗದ ವಿಷಯವಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ಖರಹರಪ್ರಿಯ ಮೇಳದಲ್ಲಿ ಹುಟ್ಟಿದ ರಾಗ. ಆದರೆ ಮೇಳಕ್ಕೆ ಸೇರದ ಸ್ವರಗಳನ್ನೂ ಮನೆಯೊಳಗೆ ಬಿಟ್ಟುಕೊಳ್ಳುತ್ತದೆ. ಸಾಧಾರಣ ಗಾಂಧಾರ ನಡೆಯುತ್ತಿದ್ದಂತೆಯೇ ಎಲ್ಲೋ ಒಂದು ಕಡೆ ಅಂತರ ಗಾಂಧಾರ ಇಣುಕುತ್ತದೆ. ಹಾರ್ಮೋನಿಯಂ ಮುಂದೆ ಕುಳಿತು ಈ ಎರಡು ಮನೆಗಳನ್ನು ಒತ್ತಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಒಬ್ಬ ಗಾಯಕ ಆ ಹೊರಗಿನ ಗಾಂಧಾರವನ್ನು ಎಷ್ಟು ಸಲ, ಯಾವ ಅಕ್ಷರದ ಮೇಲೆ ತರುತ್ತಾನೆಂದು ಎಣಿಸುವುದು ಒಳ್ಳೆಯ ಅಭ್ಯಾಸ.

ಇನ್ನು ಪದಚ್ಛೇದ. ಆಡಿಸಿದಳು, ಯಶೋದೆ ಎಂಬ ಎರಡು ಪದಗಳು ಹಾಡಿನಲ್ಲಿ ಕೂಡಿಕೊಂಡು ಬರುತ್ತವೆ. ಕೆಲವರು ಳಕಾರವನ್ನು ಗಿಡ್ಡವಾಗಿಯೇ ಬಿಟ್ಟು ಹೆಸರಿಗೆ ಸೇರಿಸುತ್ತಾರೆ, ಆಗ ಅದು ಸರಳವಾದ ಹೇಳಿಕೆ. ಕೆಲವರು 'ಳೇ' ಎಂದು ಎಳೆದು ಸ್ವಲ್ಪ ನಿಂತು ಆಮೇಲೆ ಹೆಸರನ್ನು ಹೇಳುತ್ತಾರೆ, ಆಗ ಅದರಲ್ಲಿ "ಆಹಾ, ಆಡಿಸಿದಳಲ್ಲ!" ಎಂಬ ಆಶ್ಚರ್ಯ ಸೇರಿಕೊಳ್ಳುತ್ತದೆ. ಏಕಾರಕ್ಕೆ ಅವಧಾರಣೆಯೂ ಪ್ರಶ್ನೆಯೂ ಇರುವುದನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಯಾವ ಮುದ್ರಣದಲ್ಲಿ ಯಾವುದಿದೆಯೆಂದು ನೀವೇ ಕೇಳಿ ಬರೆದುಕೊಳ್ಳಿ.

ಉಚ್ಚಾರಣೆಯ ಮಾತು ಬಂದಾಗ ತಮಿಳು ಗಾಯಕರನ್ನು ನಗೆಯಾಡುವ ಚಟ ನಮ್ಮಲ್ಲಿ ಕೆಲವರಿಗಿದೆ. ಅವರ ಕಷ್ಟವನ್ನು ಅರಿಯಬೇಕು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಆದುದರಿಂದ ತಮಿಳಿನ ಸಂಗೀತ ಪುಸ್ತಕಗಳಲ್ಲಿ ಅಕ್ಷರದ ಪಕ್ಕದಲ್ಲಿ ಸಣ್ಣದಾಗಿ 2, 3, 4 ಎಂದು ಅಂಕೆ ಹಾಕಿ ಯಾವ ಉಚ್ಚಾರವೆಂದು ತೋರಿಸುತ್ತಾರೆ. ಅಂಕೆ ನೋಡಿಕೊಂಡು ಅನ್ಯಭಾಷೆಯ ಮಹಾಪ್ರಾಣವನ್ನು ಕಲಿತವರು ಅವರು. ಐವತ್ತು ಅಕ್ಷರವನ್ನೂ ಅಂಗೈಯಲ್ಲಿಟ್ಟುಕೊಂಡು ಹುಟ್ಟಿದ ನಾವು 'ಬಾಗ್ಯ', 'ಉದ್ದಾರ' ಎಂದು ಬರೆಯುತ್ತೇವೆ! ತಮಿಳುನಾಡಿನ ಗಾಯಕಿ ಎಂ. ಎಲ್. ವಸಂತಕುಮಾರಿಯವರ ಮನೆಯಲ್ಲಿ ಪುರಂದರದಾಸರ ಪದಗಳು ತಾಯಿ ಲಲಿತಾಂಗಿಯವರಿಂದ ಮಗಳಿಗೆ ಇಳಿದು ಬಂದ ಆಸ್ತಿ. ದಾಸರ ಪದಗಳ ವಿಷಯದಲ್ಲಿ ಅವರು ಮಾಡಿದ ಕೆಲಸಕ್ಕಾಗಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಈಗ ಎರಡನೆಯ ಹಾಡು, 'ಭಾಗ್ಯದ ಲಕ್ಷ್ಮೀ ಬಾರಮ್ಮ'. ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಸೀಮೆಯ ತೆಲುಗು ಮನೆಗಳಲ್ಲಿಯೂ ಇದೇ ಕನ್ನಡ ಹಾಡು ಕೇಳುತ್ತದೆ, ಅನುವಾದವಿಲ್ಲದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ ಉಳಿದದ್ದನ್ನು ಮೈಸೂರಿಗೂ ಹಂಚಿದರು. ಕಲ್ಯಾಣದುರ್ಗ ಮೊದಲಿನಿಂದಲೂ ಅನಂತಪುರ ಜಿಲ್ಲೆಯದು. ಕಡತದಲ್ಲಿ ಗೆರೆ ಎಲ್ಲೆಲ್ಲೋ ಓಡಿತು, ಆರತಿಯ ಹಾಡಿಗೆ ಗೆರೆ ತಗಲಲಿಲ್ಲ.

ಈ ಹಾಡಿನ ರಾಗ ಯಾವುದು? ಕೆಲವು ಪುಸ್ತಕಗಳಲ್ಲಿ ಶ್ರೀರಾಗವೆಂದಿದೆ, ಕೆಲವರು ಮಧ್ಯಮಾವತಿ ಎನ್ನುತ್ತಾರೆ. ಎರಡೂ ಹತ್ತಿರದ ನೆಂಟರು. ಮಧ್ಯಮಾವತಿಯಲ್ಲಿ ಸ ರಿ ಮ ಪ ನಿ ಎಂಬ ಐದೇ ಸ್ವರ, ಗಾಂಧಾರವೇ ಇಲ್ಲ. ಶ್ರೀರಾಗವೂ ಏರುವಾಗ ಅದೇ ಹಾದಿಯಲ್ಲಿ ಏರುತ್ತದೆ, ಇಳಿಯುವಾಗ ಮಾತ್ರ ರಿ ಗ ರಿ ಸ ಎಂದು ಗಾಂಧಾರವನ್ನು ಮುಟ್ಟಿ ಷಡ್ಜಕ್ಕೆ ಬರುತ್ತದೆ. ಹಾಗಾದರೆ ಪರೀಕ್ಷೆ ಸುಲಭ. ಮುದ್ರಣವನ್ನು ಹಾಕಿ, ಪಲ್ಲವಿ ಕೆಳಕ್ಕಿಳಿದು ಮುಗಿಯುವ ಜಾಗದಲ್ಲಿ ಕಿವಿಗೊಡಿ. ರಿಷಭದಿಂದ ನೇರವಾಗಿ ಷಡ್ಜಕ್ಕೆ ಬಂದರೆ ಅದು ಮಧ್ಯಮಾವತಿ. ನಡುವೆ ಒಂದು ಸಣ್ಣ ಬಳುಕು ಕೇಳಿದರೆ ಗಾಂಧಾರ ಬಂತು, ಅದು ಶ್ರೀರಾಗ. ಇಡೀ ಹಾಡಿನಲ್ಲಿ ಒಂದು ಸ್ವರದ ಮೇಲೆ ರಾಗದ ಹೆಸರು ನಿಂತಿದೆ. ಒಂದು ಕೊಂಬು ಬಿಟ್ಟರೆ, ಒಂದು ದೀರ್ಘ ಮರೆತರೆ ಪದವೇ ಬೇರೆಯಾಗುವುದಿಲ್ಲವೆ?

ಸುಬ್ಬುಲಕ್ಷ್ಮಿಯವರೂ ಈ ಹಾಡನ್ನು ಮುದ್ರಿಸಿದ್ದಾರೆ. ಆದರೆ ಇದರ ಹೆಸರು ಹೇಳಿದೊಡನೆ ಹೆಚ್ಚು ಜನರ ನೆನಪಿಗೆ ಬರುವುದು ಪಂಡಿತ ಭೀಮಸೇನ ಜೋಶಿಯವರು (1922–2011). ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ ಕಿರಾಣಾ ಘರಾಣೆಯ ಗಾಯಕರು. 2008ರಲ್ಲಿ ಭಾರತರತ್ನ ಪಡೆದವರು. ಮರಾಠಿ ಅಭಂಗಗಳಂತೆಯೇ ಕನ್ನಡ ದಾಸವಾಣಿಯನ್ನೂ ಅವರು ದೇಶಕ್ಕೆಲ್ಲ ಕೇಳಿಸಿದರು. ಹಿಂದೂಸ್ತಾನಿ ಪದ್ಧತಿಯಲ್ಲಿ ಮಧ್ಯಮಾವತಿಗೆ ಸಮನಾದ ರಾಗವೆಂದರೆ ಮಧ್ಯಮಾದಿ ಸಾರಂಗ. ಸ್ವರಗಳು ಅವೇ, ನಡೆ ಬೇರೆ. ಕರ್ನಾಟಕ ಸಂಗೀತಗಾರರು ಒಂದು ಸ್ವರವನ್ನು ತೂಗಿ ಗಮಕ ಕೊಡುವ ಕಡೆ ಜೋಶಿಯವರು ಸ್ವರದ ಮೇಲೆ ನೆಟ್ಟಗೆ ನಿಲ್ಲುತ್ತಾರೆ. ತಬಲ, ತಾಳಗಳ ಲಯದ ಮೇಲೆ ತುಂಬಿದ ಕಂಠ ಏರಿ ಬರುತ್ತದೆ.

ಇಲ್ಲಿಯೂ ಮಾತಿನ ಪ್ರಶ್ನೆಯೊಂದಿದೆ. ಕಾಲ್ಗೆಜ್ಜೆಯ ದನಿ ಕೇಳಿಸುತ್ತ ದೇವಿ ನಡೆದು ಬರಲಿ ಎನ್ನುತ್ತಾರೆ ದಾಸರು. ಮಜ್ಜಿಗೆಯಿಂದ ಬೆಣ್ಣೆ ಮೇಲೇಳುವಂತೆ ಬರಲಿ ಎನ್ನುತ್ತಾರೆ. ಗೆಜ್ಜೆಯ ಹೆಜ್ಜೆ ಎಂದರೆ ಲಯ ಚುರುಕಾಗಿರಬೇಕು. ಬೆಣ್ಣೆಯಾದರೋ ಅವಸರಕ್ಕೆ ಬರುವ ವಸ್ತುವಲ್ಲ. ಕಡೆಗೋಲು ಹಿಡಿದವರಿಗೆ ಗೊತ್ತು. ಒಂದೇ ಚರಣದಲ್ಲಿ ಎರಡು ನಡೆ! ಜೋಶಿಯವರದು ಗೆಜ್ಜೆಯ ನಡೆ. ಮನೆಯ ಮುಂದೆ ದೇವಿ ಬಂದೇಬಿಟ್ಟಳು ಎಂಬ ಸಂಭ್ರಮ. ಆರತಿ ಹಿಡಿದ ಮನೆಯ ಹೆಂಗಸರು ಹಾಡುವಾಗ ಬೆಣ್ಣೆಯ ನಡೆ, ಕಾಯುವ ನಡೆ. ಇದರಲ್ಲಿ ಒಂದನ್ನು ಒಪ್ಪಿ ಒಂದನ್ನು ತಳ್ಳಲು ನನಗೆ ಮನಸ್ಸಿಲ್ಲ.

ಮಾತೇ ಇಲ್ಲದ ಮುದ್ರಣಗಳೂ ಇವೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೋಫೋನ್ ಎಂಬ ಪಾಶ್ಚಾತ್ಯ ಗಾಳಿವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ದೇವರನಾಮಗಳನ್ನು ನುಡಿಸಿದರು. ವಾದ್ಯಕ್ಕೆ ವಿಭಕ್ತಿ ಪ್ರತ್ಯಯವಿಲ್ಲ. ಹಾಗಿದ್ದರೂ ಕೇಳುವಾಗ ನಮ್ಮ ಬಾಯಿ ತಾನಾಗಿ ಮಾತನ್ನು ತುಂಬಿಕೊಳ್ಳುತ್ತದೆ. ನುಡಿಸುವವರು ಮಾತು ಬಲ್ಲವರಾದರೆ ಉಸಿರು ಪದದ ನಡುವೆ ಮುರಿಯುವುದಿಲ್ಲ.

ಮೊದಲು ಹೇಳಿದ ಜರ್ಮನ್ ಹಾಡುಗಳ ವಿಚಾರ ಇಲ್ಲಿ ಹೊಂದುತ್ತದೆ. ಆ ನಾಡಿನ ಚರ್ಚುಗಳಲ್ಲಿ ಸಭೆಯೆಲ್ಲ ಸೇರಿ ಹಾಡುವ ಸರಳ ಸ್ತುತಿಗೀತೆಗಳಿವೆ, ನಮ್ಮ ಭಜನೆಯ ಹಾಗೆ. ಸಭೆ ಹಾಡುವ ಮೊದಲು ಅದೇ ಧಾಟಿಯನ್ನು ಬೆಳೆಸಿ ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯದಲ್ಲಿ ನುಡಿಸುತ್ತಾರೆ. ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಇಂತಹ ಪೀಠಿಕೆಗಳನ್ನು ಬಹಳವಾಗಿ ರಚಿಸಿದನು. 'ಚಿಕ್ಕ ಆರ್ಗನ್ ಪುಸ್ತಕ'ವೆಂಬ ಅವನ ಸಂಗ್ರಹದಲ್ಲಿ ಒಂದು ಪ್ರಾರ್ಥನೆಯ ಪೀಠಿಕೆಯಿದೆ: ಬಲಗೈಯಲ್ಲಿ ಹಾಡಿನ ಧಾಟಿ, ಎಡಗೈಯಲ್ಲಿ ನಿಲ್ಲದ ಹರಿವು, ಕಾಲಿನ ಮೆಟ್ಟುಗಳಲ್ಲಿ ನಾಡಿಯಂತೆ ಬಿಡದೆ ಮಿಡಿಯುವ ಸ್ವರ. ಎರಡು ಮೂರು ನಿಮಿಷದ ಸಣ್ಣ ಕೃತಿ. ನಮ್ಮ ದೇವರನಾಮದಂತಲ್ಲದೆ ಇಲ್ಲಿ ಪ್ರತಿಯೊಂದು ಸ್ವರವೂ ಕಾಗದದ ಮೇಲಿದೆ. ಆದರೂ ಇಬ್ಬರು ನುಡಿಸಿದ್ದು ಒಂದಾಗುವುದಿಲ್ಲ. ಎಷ್ಟು ನಿಧಾನ, ಯಾವ ಕೊಳವೆಗಳ ಗುಂಪನ್ನು ತೆರೆಯಬೇಕು, ಎಲ್ಲಿ ಬೆರಳನ್ನು ಎತ್ತಿ ಉಸಿರು ಬಿಟ್ಟಂತೆ ಮಾಡಬೇಕು ಎಂಬುದು ಕಾಗದದ ಮೇಲಿಲ್ಲ. ಆಫ್ರಿಕದಲ್ಲಿ ಆಸ್ಪತ್ರೆ ಕಟ್ಟಿ ಶಾಂತಿಗಾಗಿ ನೊಬೆಲ್ ಬಹುಮಾನ ಪಡೆದ ಆಲ್ಬರ್ಟ್ ಶ್ವೈಟ್ಸರ್ 1935–36ರಲ್ಲಿ ಲಂಡನ್ ಮತ್ತು ಸ್ಟ್ರಾಸ್‌ಬರ್ಗ್ ಚರ್ಚುಗಳಲ್ಲಿ ಬಾಖನ ಕೃತಿಗಳನ್ನು ನುಡಿಸಿ ಮುದ್ರಿಸಿದರು. ನಿಧಾನವಾದ, ಧ್ಯಾನದ ನಡೆ ಅವರದು. ಹೆಲ್ಮುಟ್ ವಾಲ್ಖಾ ಹದಿಹರೆಯ ಮುಗಿಯುವ ಮುಂಚೆಯೇ ಕಣ್ಣು ಕಳೆದುಕೊಂಡವರು. ಬೇರೆಯವರಿಂದ ಒಂದೊಂದು ಎಳೆಯನ್ನೇ ನುಡಿಸಿ ಕೇಳಿ ಬಾಯಿಪಾಠ ಮಾಡಿ ಬಾಖನ ಆರ್ಗನ್ ಕೃತಿಗಳನ್ನು ಎರಡು ಬಾರಿ ಮುದ್ರಿಸಿದರು. ಅವರಲ್ಲಿ ಪ್ರತಿ ಎಳೆಯೂ ಬಿಡಿಸಿಟ್ಟ ನೂಲಿನಂತೆ ಕೇಳುತ್ತದೆ. ಎಳೆ ಎಳೆಯಾಗಿ ಕಲಿತವರಿಗೆ ಹಾಗೆ ನುಡಿಸುವುದೇ ಸಹಜವಾಯಿತೇನೋ.

ಮೂರನೆಯ ಹಾಡನ್ನು ಬೇಗ ಮುಟ್ಟಿ ಮುಗಿಸುತ್ತೇನೆ. ಕಾಸಾಪುರದ ನೆಟ್ಟಿಕಲ್ಲು ಆಂಜನೇಯ, ಮುರುಡಿ ಆಂಜನೇಯ ಎಂದರೆ ನಮ್ಮ ಕಡೆಯ ಮಕ್ಕಳಿಗೆ ಪರಿಚಯ ಹೇಳಬೇಕಾಗಿಲ್ಲ. ಈ ಕ್ಷೇತ್ರಗಳಿಗೆ ವ್ಯಾಸರಾಯರ (1460–1539) ಹೆಸರು ಸೇರಿಕೊಂಡಿದೆ. ಅವರು 732 ಹನುಮಂತನ ವಿಗ್ರಹಗಳನ್ನು ಸ್ಥಾಪಿಸಿದರೆಂದು ಪ್ರತೀತಿ. 'ಕೃಷ್ಣಾ ನೀ ಬೇಗನೆ ಬಾರೋ' ಅದೇ ವ್ಯಾಸರಾಯರ ಪದ. ಯಮುನಾ ಕಲ್ಯಾಣಿ ರಾಗ, ಮೂರೂ ನಾಲ್ಕೂ ಸೇರಿ ಏಳಾಗುವ ಮಿಶ್ರಛಾಪು ತಾಳ. ಇಲ್ಲಿಯೂ ಅದೇ ತಾಯಿ, ಅದೇ ಮಗು. ತಮಾಷೆಯೆಂದರೆ, ಬೇಗನೆ ಬಾ ಎಂಬ ಹಾಡನ್ನು ಎಲ್ಲರೂ ನಿಧಾನವಾಗಿಯೇ ಹಾಡುತ್ತಾರೆ! ಗದರಿಸಿ ಕರೆದರೆ ಮಗು ಓಡಿಹೋದೀತು, ಪುಸಲಾಯಿಸಿ ಕರೆಯಬೇಕು. ನರ್ತಕಿ ಬಾಲಸರಸ್ವತಿಯವರು ಈ ಒಂದು ಕರೆಯನ್ನೇ ಬೇರೆ ಬೇರೆಯಾಗಿ ಅಭಿನಯಿಸುತ್ತಿದ್ದರು. ಸತ್ಯಜಿತ್ ರಾಯ್ ಅವರು 1976ರಲ್ಲಿ ತೆಗೆದ 'ಬಾಲಾ' ಎಂಬ ಚಿತ್ರದಲ್ಲಿ ಅವರು ಸಮುದ್ರದ ದಂಡೆಯಲ್ಲಿ ಇದಕ್ಕೆ ಅಭಿನಯಿಸಿದ್ದನ್ನು ಈಗಲೂ ನೋಡಬಹುದು. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ 'ಕಲೋನಿಯಲ್ ಕಸಿನ್ಸ್' ಎಂಬ ಹೆಸರಿನಲ್ಲಿ ಗಿಟಾರಿನೊಂದಿಗೆ, ನಡುವೆ ಇಂಗ್ಲಿಷ್ ಸಾಲುಗಳನ್ನು ಸೇರಿಸಿ ಹಾಡಿದರು. ಹಿರಿಯರು ಮೂಗು ಮುರಿದರು. ನನಗೆ ಆ ಇಂಗ್ಲಿಷ್ ಸಾಲುಗಳು ಬೇಡವಾಗಿದ್ದವು. ಕನ್ನಡದ ಸಾಲು ಬಂದಾಗ ಮಾತ್ರ ಹರಿಹರನ್ ಅವರ ಕಂಠದಲ್ಲಿ ತಾಯಿ ನಿಜವಾಗಿ ಕರೆಯುತ್ತಾಳೆ.

ಇನ್ನು ನೀವು ಮಾಡಬೇಕಾದ ಕೆಲಸ. ಈಗ ತಟ್ಟೆ ಬೇಡ, ಕ್ಯಾಸೆಟ್ ಬೇಡ; ಮನೆಯ ಮೊಬೈಲಿನಲ್ಲಿ ಎಲ್ಲವೂ ಸಿಗುತ್ತವೆ. ಹಾಡಿನ ಪಠ್ಯವನ್ನು ಒಂದು ಹಾಳೆಯಲ್ಲಿ ಸಾಲು ಬಿಟ್ಟು ಬರೆದುಕೊಳ್ಳಿ. ಒಬ್ಬರ ಹಾಡನ್ನು ಕೇಳುತ್ತ, ಉಸಿರು ತೆಗೆದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿ. ಇನ್ನೊಬ್ಬರದನ್ನು ಕೇಳುವಾಗ ಕೆಂಪು ಗೆರೆ. ಪಲ್ಲವಿ ಒಮ್ಮೆ ಮುಗಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆಯಿರಿ. ಗೆರೆಗಳು ಪದದ ನಡುವೆ ಬಿದ್ದಿವೆಯೋ ಪದದ ಕೊನೆಗೆ ಬಿದ್ದಿವೆಯೋ ನೋಡಿದರೆ ಆ ಗಾಯಕರಿಗೆ ಮಾತಿನ ಮೇಲೆ ಎಷ್ಟು ಗಮನವಿತ್ತೆಂಬುದು ಹಾಳೆಯ ಮೇಲೆಯೇ ಕಾಣುತ್ತದೆ. ಎರಡು ಮುದ್ರಣ ಸಾಕು. ಹತ್ತು ಕೇಳಿದರೆ ಒಂದೂ ನೆನಪಿರದು.

ಹೆಸರಾದ ಮುದ್ರಣಗಳಿಂದ ಒಂದು ಹಾನಿಯೂ ಆಗಿದೆ, ಅದನ್ನು ಹೇಳಬೇಕು. ತಟ್ಟೆಯ ಧಾಟಿ ಕೇಳಿ ಕೇಳಿ ಮನೆಯ ಧಾಟಿ ಮರೆಯಾಗುತ್ತಿದೆ. ಹಸೆಗೆ ಕೂರಿಸುವಾಗ, ಶುಕ್ರವಾರದ ಆರತಿಗೆ ನಮ್ಮ ಅಜ್ಜಿಯಂದಿರು ಇದೇ ದಾಸರ ಪದಗಳನ್ನು ಯಾವ ಪುಸ್ತಕದಲ್ಲಿಯೂ ಇಲ್ಲದ ಧಾಟಿಯಲ್ಲಿ ಹಾಡುತ್ತಾರೆ. "ಅದು ಸರಿಯಲ್ಲ ಅಜ್ಜಿ, ಹಾಡು ಹೀಗಿದೆ" ಎಂದು ಮೊಮ್ಮಕ್ಕಳು ಮೊಬೈಲ್ ಹಾಕಿ ತಿದ್ದುವುದನ್ನು ನಾನು ಕೇಳಿದ್ದೇನೆ. ಯಾವುದು ಸರಿ? ಸ್ವರ ಬರೆದಿಟ್ಟವರಿಲ್ಲವೆಂದು ಮೊದಲೇ ನೋಡಿದೆವು. ಅಜ್ಜಿಯದು ಮುದ್ರಣವಾಗಿಲ್ಲ, ಅಷ್ಟೇ ವ್ಯತ್ಯಾಸ.

ಆದುದರಿಂದ ಈ ಬೇಸಿಗೆ ರಜೆಯಲ್ಲಿ ಒಂಬತ್ತು, ಹತ್ತನೆಯ ತರಗತಿಯವರು ಅದೇ ಮೊಬೈಲಿನಲ್ಲಿ ಅಂತಹ ಒಂದಾದರೂ ಹಾಡನ್ನು ಹಿಡಿದು ತನ್ನಿ. ಫ್ಯಾನು ನಿಲ್ಲಿಸಿ, ಟಿ.ವಿ. ಆರಿಸಿ, ಅಜ್ಜಿಗೆ ನೀರು ಕೊಟ್ಟು ಕೂರಿಸಿ ಕೇಳಿ. ನಡುವೆ ಮರೆತು ನಿಲ್ಲಿಸಿದರೆ ಅಳಿಸಬೇಡಿ, ಹಾಗೆಯೇ ಇರಲಿ. ಹಾಡಿದವರ ಹೆಸರು, ವಯಸ್ಸು, ತವರೂರು, ಯಾರಿಂದ ಕಲಿತರು, ಯಾವ ಸಂದರ್ಭಕ್ಕೆ ಹಾಡುತ್ತಾರೆ, ಮನೆಮಾತು ಕನ್ನಡವೋ ತೆಲುಗೋ, ಮುದ್ರಿಸಿದ ತಾರೀಖು ಯಾವುದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ನನ್ನ ಕೈಗೆ ಕೊಡಿ. ತರಗತಿಯಲ್ಲಿ ಎಲ್ಲರೂ ಕುಳಿತು ಕೇಳೋಣ.